ಉಚಿ, ನಮ್ಮನೆ, ತವರು

(ಮಾಕಳಿದುರ್ಗದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಜಪಾನಿನವರು ಮನೆಗೆ ದಿನಬೆಳಗಾದರೆ ಬಳಸುವ ಒಂದು ಮಾತು ‘ಉಚಿ’. ಅದರ ಮೊದಲ ಅರ್ಥ ‘ಒಳಗು’. ಕಟ್ಟಡದ ಮಾತು ಬಂದಾಗ, ವಂಶದ ಮಾತು ಬಂದಾಗ ಹೇಳಲು ಅವರಿಗೆ ‘ಇಎ’ ಎಂಬ ಇನ್ನೊಂದು ಪದ ಇದೆ. ಹೊಸದಾಗಿ ಕಟ್ಟಿಸಿದ್ದು ಇಎ, ತಲೆಮಾರಿನಿಂದ ನಡೆದು ಬಂದದ್ದು ಇಎ. ಸಂಜೆ ದಣಿದು ವಾಪಸು ಹೋಗುವುದು ಮಾತ್ರ ಉಚಿಗೆ. ಉಚಿ ಅಂದರೆ ನಮ್ಮನೆ, ಉಚಿ ಅಂದರೆ ನಮ್ಮನೆಯವರು, ಉಚಿ ಅಂದರೆ ನಾವು. ಒಸಾಕಾ, ಕ್ಯೋತೊ ಕಡೆಯ ಹೆಂಗಸರ ಬಾಯಲ್ಲಿ ಅದು ಇನ್ನೂ ಮುಂದೆ ಹೋಗಿ ‘ನಾನು’ ಅಂತಲೂ ಆಗುತ್ತದೆ. ಇದಕ್ಕೆ ಎದುರಾದ ಮಾತು ‘ಸೊತೊ’, ಹೊರಗು. ಎದುರಿಗಿರುವವರ ಮನೆಗೆ ಉಚಿ ಅನ್ನುವಂತಿಲ್ಲ. ಅದಕ್ಕೆ ‘ಒತಾಕು’ ಅನ್ನಬೇಕು. ‘ತಮ್ಮ ಮನೆ’ ಎಂಬ ಆ ಗೌರವದ ಮಾತೇ ಸವೆದು ಸವೆದು ‘ತಾವು’ ಅಂತಾಯಿತು. 1980ರ ದಶಕದಿಂದ ಈಚೆಗೆ ಕಾಮಿಕ್ಸು, ಅನಿಮೇಷನ್ನುಗಳಲ್ಲಿ ಮುಳುಗಿದ ಹುಡುಗರಿಗೆ ಅದೇ ಅಡ್ಡಹೆಸರಾಗಿ ಅಂಟಿ, ಈಗ ಬೆಂಗಳೂರಿನ ಕಾಲೇಜು ಮಕ್ಕಳ ಬಾಯಲ್ಲೂ ಓಡಾಡುತ್ತಿದೆ.

ಮಾಕಳಿದುರ್ಗದ ಬೆಟ್ಟದ ಬುಡದಲ್ಲಿ ನಿಂತು ಜಪಾನಿನ ಒಂದು ಪದವನ್ನು ಯಾಕೆ ಎತ್ತಿಕೊಂಡೆ ಎಂದು ನೀವು ಕೇಳಬಹುದು. ಆ ಪದ ಮಾಡುವ ಕೆಲಸವನ್ನೇ ನಮ್ಮ ‘ಮನೆ’ಯೂ ಮಾಡುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟಾಗ ನಾವು ಹುಟ್ಟಿದಾಗಿನಿಂದ ಆಡುತ್ತ ಬಂದ ಮಾತಿನೊಳಗೆ ಏನು ಕೂತಿದೆ ಎನ್ನುವುದು ಕಾಣತೊಡಗುತ್ತದೆ. ಕಂಡದ್ದರಲ್ಲಿ ಸಂತೋಷ ಕೊಡುವುದು ಇದೆ, ನೋವು ಕೊಡುವುದೂ ಇದೆ.

ಜಪಾನಿನ ಹೆಂಗಸು ತನ್ನ ಗಂಡನನ್ನು ‘ಉಚಿ ನೊ ಹಿತೊ’ ಅನ್ನುತ್ತಾಳೆ. ಅಕ್ಷರಕ್ಕೆ ಅಕ್ಷರ ಇಟ್ಟರೆ ‘ನಮ್ಮನೆಯ ಮನುಷ್ಯ’. ದೊಡ್ಡಬಳ್ಳಾಪುರದ ಸಂತೆಯಲ್ಲಿ ನಮ್ಮ ಹೆಂಗಸು ‘ನಮ್ಮನೆಯೋರು ಬಸ್ಸಿಗೆ ಹೋದ್ರು’ ಅನ್ನುವುದಕ್ಕೂ ಇದಕ್ಕೂ ಕೂದಲೆಳೆಯ ಅಂತರವಿಲ್ಲ. ಗಂಡನಿಗೆ ಅವರಲ್ಲಿ ಇನ್ನೊಂದು ಮಾತು ‘ಶುಜಿನ್’, ಒಡೆಯ ಅಂತ ಅರ್ಥ. ನಾವು ‘ಯಜಮಾನರು’ ಅನ್ನುತ್ತೇವೆ. ಗಂಡಸು ಹೆಂಡತಿಯನ್ನು ‘ಕನಾಯ್’ ಅನ್ನುತ್ತಾನೆ, ಮನೆಯೊಳಗು ಅಂತ. ಬೇರೆಯವರ ಹೆಂಡತಿ ‘ಒಕುಸಾನ್’, ಒಳಕೋಣೆಯವರು. ನಮ್ಮ ಗಂಡಸು ‘ನಮ್ಮನೇಲಿ ಕೇಳ್ಬಿಟ್ಟು ಹೇಳ್ತೀನಿ’ ಅಂದಾಗ ಕೇಳುವುದು ಗೋಡೆಯನ್ನಲ್ಲ, ಹೆಂಡತಿಯನ್ನು. ‘ಮನೆ ಕಡೆ ಎಲ್ಲಾ ಚೆನ್ನಾಗವ್ರಾ?’ ಎಂಬ ಪ್ರಶ್ನೆಗೆ ಯಾರೂ ಛಾವಣಿ ಸೋರುವ ಸುದ್ದಿ ಹೇಳುವುದಿಲ್ಲ.

ಕನ್ನಡಕ್ಕೆ ಮಾತ್ರ ಸೇರಿದ ಜಾಣ್ಮೆ ಇದಲ್ಲ. ಈ ಊರಿನ ರೈಲು ನಿಲ್ದಾಣದಿಂದ ಉತ್ತರಕ್ಕೆ ಹೊರಟರೆ ಗೌರಿಬಿದನೂರು, ಅದನ್ನು ದಾಟಿದರೆ ಹಿಂದೂಪುರ. ಗಾಡಿ ಮುಂದಕ್ಕೆ ಹೋದಂತೆ ಕನ್ನಡ ತೆಳುವಾಗಿ ತೆಲುಗು ದಟ್ಟವಾಗುತ್ತದೆ. ತೆಲುಗಿನ ಹೆಂಗಸು ಗಂಡನನ್ನು ‘ಮಾ ಇಂಟಾಯನ’ ಅನ್ನುತ್ತಾಳೆ, ಅದೂ ನಮ್ಮನೆಯವರೇ. ಮನೆಗೆ ‘ಇಲ್ಲು’, ಗೃಹಿಣಿಗೆ ‘ಇಲ್ಲಾಲು’. ಅದೇ ಬೋಗಿಯಲ್ಲಿ ಕೂತ ದಖನಿ ಮಾತಾಡುವ ಸಾಬರ ಮನೆಯಲ್ಲಿ ‘ಘರ್‌ವಾಲಿ’. ದಕ್ಷಿಣಕ್ಕೆ ತಿರುಗಿ ತಮಿಳಿಗೆ ಹೋದರೆ ‘ಮನೈ’ ಎಂಬ ನಮ್ಮದೇ ಪದದಿಂದ ‘ಮನೈವಿ’ ಹುಟ್ಟಿ ಹೆಂಡತಿ ಎಂಬ ಅರ್ಥದಲ್ಲಿ ನಿಂತಿದೆ. ಸಂಸ್ಕೃತದ ಗೃಹಿಣಿಯನ್ನು ಬೇರೆ ಹೇಳಬೇಕಾಗಿಲ್ಲ. ಒಂದೇ ಹಳಿಯ ಮೇಲೆ ನಾಲ್ಕು ಭಾಷೆ ಹತ್ತಿ ಇಳಿಯುತ್ತವೆ, ಎಲ್ಲದರಲ್ಲೂ ಮನೆಯ ಹೆಸರೇ ಹೆಂಗಸಿನ ಹೆಸರು.

ನಮ್ಮ ಮಾತಿನ ಹಬ್ಬುವ ಗುಣವನ್ನೂ ನೋಡಿ. ಅಡುಗೆಮನೆ, ದೇವರಮನೆ, ನಡುಮನೆ, ಬಚ್ಚಲುಮನೆ: ಮನೆಯೊಳಗಿನ ಒಂದೊಂದು ಕೋಣೆಯೂ ಮನೆಯೇ. ಚೌಕಾಬಾರದ ಚೌಕವೂ ಮನೆ. ಅರಮನೆ, ಸೆರೆಮನೆ ಎರಡನ್ನೂ ಅದೇ ಪದ ಹೊತ್ತುಕೊಂಡಿದೆ. ಮದುವೆಮನೆ ಎರಡು ದಿನಕ್ಕೆ ಬಾಡಿಗೆಗೆ ಹಿಡಿದ ಛತ್ರದಲ್ಲೂ ಇರಬಹುದು. ಸಾವಿನ ಮನೆ ಹದಿಮೂರು ದಿನದ ಮೇಲೆ ಮತ್ತೆ ಬರೀ ಮನೆಯಾಗುತ್ತದೆ. ಇವೆಲ್ಲದರಲ್ಲೂ ಮನೆ ಎಂದರೆ ಒಂದು ಗೆರೆ ಎಳೆದು ‘ಇದರ ಒಳಗೆ’ ಎಂದು ಹೇಳಿದ ಜಾಗ. ಉಚಿಯ ತಿರುಳೂ ಅದೇ. ಅಣ್ಣತಮ್ಮಂದಿರು ಬೇರೆಯಾದಾಗ ನಾವು ‘ಒಲೆ ಬೇರೆ ಮಾಡ್ಕೊಂಡ್ರು’ ಅನ್ನುತ್ತೇವೆ. ಒಂದೇ ಸೂರಿನಡಿ ಇದ್ದರೂ ಎರಡು ಒಲೆ ಹೊತ್ತಿದರೆ ಎರಡು ಮನೆ. ಜಪಾನಿನಲ್ಲೂ ಬೇರೆ ಸಂಸಾರ ಹೂಡುವುದಕ್ಕೆ ‘ಒಲೆ ಹಂಚು’ ಎಂದೇ ಹಳೆಯ ನುಡಿಗಟ್ಟಿದೆ.

ಇಷ್ಟು ಹೋಲುವ ಎರಡು ನುಡಿಗಳು ಹೊಸ್ತಿಲ ಬಳಿ ಬಂದಾಗ ಒಂದು ಕಡೆ ಕೂಡುತ್ತವೆ, ಒಂದು ಕಡೆ ಅಗಲುತ್ತವೆ. ಈ ಜಾಗ ನನಗೆ ಬಹಳ ಇಷ್ಟವಾದದ್ದು, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಮನೆಯಿಂದ ಹೊರಡುವಾಗ ಜಪಾನಿನ ಮಗು ‘ಇತ್ತೆ ಕಿಮಾಸು’ ಅನ್ನುತ್ತದೆ. ‘ಹೋಗಿ ಬರ್ತೀನಿ’. ಹೋಗಿ, ಬರುತ್ತೇನೆ: ಎರಡು ಕ್ರಿಯೆ, ಅದೇ ಅನುಕ್ರಮ. ಒಳಗಿದ್ದವರು ‘ಇತ್ತೆರಶ್ಶಾಯ್’ ಅನ್ನುತ್ತಾರೆ, ‘ಹೋಗಿ ಬಾ’. ಬರಿದೇ ‘ಹೋಗ್ತೀನಿ’ ಅನ್ನಬಾರದು ಎಂದು ನಮ್ಮ ಅಜ್ಜಿಯರು ಗದರಿಸಿ ಕಲಿಸಿದ ಮಾತು ಸಮುದ್ರದಾಚೆಯ ಒಂದು ದ್ವೀಪದಲ್ಲಿ ಯಾರ ನಂಟೂ ಇಲ್ಲದೆ ಹಾಗೆಯೇ ಇದೆ. ವಾಪಸು ಬಂದಾಗ ಅವರು ‘ತದಾಇಮಾ’ ಅನ್ನುತ್ತಾರೆ, ಈಗ ತಾನೆ ಬಂದೆ ಅಂತ. ಒಳಗಿನಿಂದ ‘ಒಕಾಏರಿ’, ವಾಪಸಾದೆಯಾ ಅಂತ.

ಅಗಲುವುದು ಹೀಗೆ. ಅವರ ‘ಇತ್ತೆ ಕಿಮಾಸು’ ಸ್ವಂತ ಉಚಿಯಿಂದ ಹೊರಡುವಾಗ ಆಡುವ ಮಾತು. ಬೇರೆಯವರ ಮನೆಗೆ ಕಾಲಿಡುವಾಗ ‘ತೊಂದರೆ ಕೊಡುತ್ತಿದ್ದೇನೆ’ ಎಂಬರ್ಥದ ಮಾತು ಹೇಳುತ್ತಾರೆ, ಹೊರಡುವಾಗ ‘ತೊಂದರೆ ಕೊಟ್ಟೆ’ ಎಂದು. ಚಂದದ ವಿನಯ ಅದು. ಅತಿಥಿ ಹೊರಗಿನವನಾಗಿ ಬಂದು ಹೊರಗಿನವನಾಗಿಯೇ ಹೋಗುತ್ತಾನೆ. ನಾವು ಯಾರ ಮನೆಯಿಂದ ಹೊರಟರೂ ‘ಬರ್ತೀನಿ’ ಅನ್ನುತ್ತೇವೆ. ಮೊದಲ ಸಲ ಬಂದವರೂ, ಲೆಕ್ಕದ ಕಾಗದ ಕೊಡಲು ಬಂದವರೂ ‘ಬರ್ತೀನಮ್ಮಾ’ ಅನ್ನುತ್ತಾರೆ. ಒಂದು ಲೋಟ ನೀರು ಕುಡಿದ ಮನೆಯನ್ನು ಮತ್ತೆ ಬರುವ ಮನೆಯನ್ನಾಗಿ ಮಾಡಿ ಹೋಗುತ್ತೇವೆ. ಈ ಮಾತನ್ನು ಆಡದೆ ಏಳುವುದು ಒಂದೇ ಕಡೆ, ಸಾವಿನ ಮನೆಯಲ್ಲಿ. ಅಲ್ಲಿ ಯಾರಿಗೂ ಹೇಳದೆ ಎದ್ದು ನಡೆಯುತ್ತೇವೆ. ‘ಬರ್ತೀನಿ’ ಎಂಬುದಕ್ಕೆ ಎಷ್ಟು ತೂಕವಿದೆ ಎಂಬುದು ಅದನ್ನು ಆಡಬಾರದ ಜಾಗದಲ್ಲೇ ಗೊತ್ತಾಗುವುದು. ನಮ್ಮ ಮನೆಯ ಗೆರೆ ಅತಿಥಿಯ ಮಟ್ಟಿಗೆ ಮೆತ್ತಗಿದೆ ಎಂದು ನಾನು ಎದೆ ತಟ್ಟಿ ಹೇಳಬಲ್ಲೆ.

ಎಲ್ಲ ಅತಿಥಿಗಳ ಮಟ್ಟಿಗೂ ಮೆತ್ತಗಿದೆಯೇ ಎಂದರೆ ಹಾಗೆ ಹೇಳಲಾರೆ. ನಮ್ಮ ಬಯಲುಸೀಮೆಯ ಮನೆಯ ಮುಂದಿನ ಜಗಲಿ ದಾರಿಹೋಕರು ಕೂತು ಸುಧಾರಿಸಿಕೊಳ್ಳುವ ಜಾಗ ಎಂದು ನಾವೆಲ್ಲ ಪ್ರೀತಿಯಿಂದ ಬರೆಯುತ್ತೇವೆ. ಜಪಾನಿನ ಹಳೆಯ ಮನೆಗಳ ‘ಎಂಗಾವಾ’ ಕೂಡ ಹೀಗೆಯೇ ಒಳಗೂ ಅಲ್ಲದ, ಹೊರಗೂ ಅಲ್ಲದ ಹಲಗೆಯ ಜಗಲಿ. ಆದರೆ ಅದೇ ಜಗಲಿಯಲ್ಲಿ, ಅದರ ಕೆಳಗಿನ ಅಂಗಳದಲ್ಲಿ, ಕೇರಿಯಿಂದ ಬಂದವರನ್ನು ತಲೆಮಾರುಗಟ್ಟಲೆ ನಿಲ್ಲಿಸಿದ್ದೇವೆ. ಹೊಲದಲ್ಲಿ, ಕಣದಲ್ಲಿ, ಹಟ್ಟಿಯಲ್ಲಿ ದುಡಿದವರಿಗೆ ಹೊಸ್ತಿಲು ಇರಲಿಲ್ಲ. ಇವತ್ತು ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವ ಹುಡುಗನಿಗೆ ‘ನೀವು ಯಾವ ಪೈಕಿ?’ ಎಂಬ ಪ್ರಶ್ನೆ ಮುಂಗಡದ ಮೊತ್ತಕ್ಕಿಂತ ಮೊದಲು ಬರುತ್ತದೆ. ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಫಲಕವೂ ಅದೇ ಪ್ರಶ್ನೆಯೇ. ಜಪಾನಿಗೂ ಈ ಕಲೆ ಅಂಟಿದೆ. ಅಲ್ಲಿ ಚರ್ಮದ ಕೆಲಸ, ಸತ್ತ ಪ್ರಾಣಿಗಳ ಕೆಲಸ ಮಾಡುತ್ತಿದ್ದವರನ್ನು ಹೊಲೆಯೆಂದು ಹೊರಗಿಟ್ಟಿದ್ದರು. 1871ರಲ್ಲಿ ಸರ್ಕಾರ ಆ ಅಂತಸ್ತನ್ನು ರದ್ದು ಮಾಡಿತು. ಮರುವರ್ಷ, 1872ರಲ್ಲಿ, ದೇಶದ ಜನರನ್ನೆಲ್ಲ ಮನೆವಾರು ದಾಖಲೆಗೆ ಸೇರಿಸಿದಾಗ ಹಳೆಯ ಗುರುತು ಆ ಪುಸ್ತಕಗಳಲ್ಲಿ ಉಳಿದುಕೊಂಡಿತು. ಸಂಬಂಧ ನೋಡುವವರು, ಕೆಲಸ ಕೊಡುವವರು ಅದನ್ನು ಕೆದಕಿ ಕೆದಕಿ ನೋಡಿದರು. ಆ ದಾಖಲೆಗಳನ್ನು ಯಾರೂ ನೋಡಕೂಡದೆಂದು ಮುಚ್ಚಿದ್ದು 1968ರಲ್ಲಿ. ಮನೆಯ ಲೆಕ್ಕವೇ ಮನೆಯಿಂದ ಹೊರಗಿಡುವ ಸಾಧನವಾಗಿ ಒಂದು ನೂರು ವರ್ಷ ನಡೆಯಿತು.

ಈ ಒಳಗು ಹೊರಗುಗಳ ಬಗ್ಗೆ ಆಳವಾಗಿ ಯೋಚಿಸಿದವರು ನಕಾನೆ ಚಿಎ ಎಂಬ ಮಾನವಶಾಸ್ತ್ರಜ್ಞೆ. 1926ರಲ್ಲಿ ಹುಟ್ಟಿ 2021ರಲ್ಲಿ ತೀರಿಕೊಂಡರು. ತೋಕಿಯೋ ವಿಶ್ವವಿದ್ಯಾಲಯದ ಮೊದಲ ಮಹಿಳಾ ಪ್ರಾಧ್ಯಾಪಕರು. 1950ರ ದಶಕದಲ್ಲಿ ನಮ್ಮ ದೇಶಕ್ಕೆ ಬಂದು ಕ್ಷೇತ್ರಕಾರ್ಯ ಮಾಡಿದವರು. 1967ರಲ್ಲಿ ಬಂದ ಅವರ ಪುಸ್ತಕ ಜಪಾನಿನಲ್ಲಿ ಮನೆಮಾತಾಯಿತು. ಅವರ ವಿಚಾರದ ಸಾರ ಇಷ್ಟು: ಮನುಷ್ಯ ಗುಂಪು ಕಟ್ಟುವುದಕ್ಕೆ ಎರಡು ಬಗೆಯ ಆಧಾರ ಇವೆ. ಒಂದು ಅವನು ಇರುವ ಜಾಗ, ಚೌಕಟ್ಟು. ಇನ್ನೊಂದು ಅವನ ಗುಣಲಕ್ಷಣ, ಹುಟ್ಟಿನ ಗುರುತು. ಜಪಾನಿನವರಿಗೆ ಚೌಕಟ್ಟೇ ಮುಖ್ಯ. ಆದ್ದರಿಂದಲೇ ಕಾರ್ಖಾನೆಯ ಕೆಲಸಗಾರ ತನ್ನ ಕಂಪನಿಯನ್ನು ಕೂಡ ಉಚಿ ಅನ್ನುತ್ತಾನೆ. ಭಾರತವನ್ನು ಅವರು ಇನ್ನೊಂದು ತುದಿಯಲ್ಲಿ ಇಟ್ಟರು, ಇಲ್ಲಿ ಜಾತಿಯಂಥ ಗುರುತೇ ಬಲವಾದದ್ದು ಎಂದು. ಚೌಕಟ್ಟಿನ ಬಲ ಎಷ್ಟೆಂದರೆ, ಜಪಾನಿನ ಉದ್ಯೋಗಿ ಹೊರಗಿನವರ ಮುಂದೆ ತನ್ನ ಮೇಲಧಿಕಾರಿಯ ಹೆಸರನ್ನು ಗೌರವದ ‘ಸಾನ್’ ಇಲ್ಲದೆ ಹೇಳುತ್ತಾನೆ. ಒಳಗಿನವರನ್ನು ತಗ್ಗಿಸಿ ಹೇಳುವುದೇ ಅಲ್ಲಿನ ಸಭ್ಯತೆ. ನಮ್ಮಲ್ಲಿ ಹಾಗೆ ಮಾಡಿದರೆ ಉದ್ಧಟತನ. ‘ನಮ್ಮ ತಂದೆಯವರು’ ಎಂದು ಹೊರಗಿನವರ ಮುಂದೆ ಇನ್ನೂ ಒಂದು ಬಹುವಚನ ಸೇರಿಸಿ ಹೇಳುತ್ತೇವೆ. ‘ನಮ್ಮನೆಯವರು’ ಎಂಬಲ್ಲೂ ಆ ಬಹುವಚನ ಬರುವುದು ಗಂಡನಿಗೇ. ಹೆಂಡತಿಯ ಪಾಲಿಗೆ ಬಂದದ್ದು ‘ನಮ್ಮನೇಲಿ’ ಎಂಬ ಸಪ್ತಮಿ ವಿಭಕ್ತಿ. ಅವನು ಮನೆಗೆ ಸೇರಿದ ವ್ಯಕ್ತಿ, ಅವಳು ಮನೆಯೊಳಗಿನ ಒಂದು ಜಾಗ.

ನಮ್ಮವರೇ ಆದ ಎ. ಕೆ. ರಾಮಾನುಜನ್ ಈ ಒಳಹೊರಗಿನ ವಿಷಯವನ್ನು ಬೇರೆ ದಾರಿಯಿಂದ ಮುಟ್ಟಿದರು. ಸಂಗಂ ಕಾಲದ ತಮಿಳು ಕಾವ್ಯ ‘ಅಹಂ’ ಮತ್ತು ‘ಪುರಂ’ ಎಂದು ಎರಡಾಗಿದೆ. ಅಹಂ ಅಂದರೆ ಒಳಗು, ಅದಕ್ಕೆ ಮನೆ ಎಂಬ ಅರ್ಥವೂ ಇದೆ. 1967ರಲ್ಲಿ ಅವರು ಆ ಒಳಗಿನ ಕವಿತೆಗಳನ್ನು ಇಂಗ್ಲಿಷಿಗೆ ತಂದರು. ಆಮೇಲೆ ಅದೇ ಕಣ್ಣಿನಿಂದ ಕನ್ನಡದ ಜನಪದ ಕತೆಗಳನ್ನು ನೋಡಿದರು. ಅಡುಗೆಮನೆಯ ಕತ್ತಲಲ್ಲಿ ಮಕ್ಕಳಿಗೆ ಅನ್ನ ಕಲಸುತ್ತ ಅಜ್ಜಿ ಹೇಳುವ ಕತೆ ಒಂದು ಲೋಕ. ಊರ ಮುಂದೆ ವೃತ್ತಿಗಾಯಕರು ರಾತ್ರಿಯಿಡೀ ಹಾಡುವ ಕತೆ ಇನ್ನೊಂದು. ಅಜ್ಜಿಯ ಕತೆಯಲ್ಲಿ ಪಾತ್ರಗಳಿಗೆ ಹೆಸರೇ ಇರುವುದಿಲ್ಲ ಎಂಬುದನ್ನು ಅವರು ಎತ್ತಿ ತೋರಿದರು. ಒಬ್ಬ ರಾಜ, ಒಬ್ಬಳು ಕಿರಿ ಸೊಸೆ, ಅಷ್ಟೆ. ಹೊರಗಿನ ಕತೆಗೆ ಬಂದರೆ ಹೆಸರು, ಊರು, ಕುಲ ಎಲ್ಲ ಬರುತ್ತವೆ.

ಒಳಗಿನವರಿಗೆ ಹೆಸರಿಲ್ಲ ಎನ್ನುವುದು ಕತೆಯಲ್ಲಿ ಸೊಗಸು. ಬದುಕಿನಲ್ಲಿ ಅದು ಏನು ಮಾಡಿತೆಂದು ಕೇಳಿ. ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆ ನಡೆದದ್ದು 1951-52ರಲ್ಲಿ. ಮತದಾರರ ಪಟ್ಟಿ ಬರೆಯಲು ಬಂದವರಿಗೆ ಲಕ್ಷಾಂತರ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವರ ತಾಯಿ, ಇಂಥವರ ಹೆಂಡತಿ ಎಂದಷ್ಟೇ ಹೇಳಿದರು. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ ಸೇನರು ಅಂಥ ನಮೂದುಗಳನ್ನು ಒಪ್ಪಲಿಲ್ಲ. ಸುಮಾರು 28 ಲಕ್ಷ ಹೆಂಗಸರು, ಹೆಚ್ಚಿನವರು ಉತ್ತರದ ರಾಜ್ಯಗಳವರು, ಪಟ್ಟಿಯಿಂದ ಬಿಟ್ಟುಹೋದರು. ಮನೆಯ ಹೆಸರಿನಲ್ಲೇ ಬದುಕಿದ್ದಕ್ಕೆ ತೆತ್ತ ಬೆಲೆ ಅದು. ನಮ್ಮ ಕಡೆಯೂ ಗಂಡನ ಹೆಸರು ಬಾಯಿಬಿಟ್ಟು ಹೇಳದ, ಮದುವೆಮನೆಯಲ್ಲಿ ಒಗಟು ಕಟ್ಟಿ ಹೇಳಿಸುತ್ತಿದ್ದ ಕಾಲ ದೂರವೇನೂ ಹೋಗಿಲ್ಲ. ತಿಂಗಳ ಮೂರು ದಿನ ‘ಹೊರಗಾಗಿದ್ದಾಳೆ’ ಎಂದು ಮನೆಯ ಹೆಣ್ಣನ್ನೇ ಮನೆಯಾಚೆ ಕೂರಿಸುವ ಮಾತೂ ಹೋಗಿಲ್ಲ. ಮನೆ ಎಂಬ ಪದವೇ ಅವಳಾಗಿರುವಾಗ ಅವಳು ಎಲ್ಲಿಂದ ಹೊರಗಾಗುತ್ತಾಳೆ?

ನಾನು ಹೇಳಬೇಕೆಂದು ಬಂದದ್ದು ಈ ವಿಷಯವನ್ನೇ. ಮನೆಯ ಹೆಸರನ್ನು ಹೆಣ್ಣಿಗೆ ಕೊಟ್ಟ ಎರಡು ಸಮಾಜಗಳು ಮನೆಯನ್ನು ಅವಳಿಗೆ ಕೊಡಲಿಲ್ಲ.

ಜಪಾನಿನಲ್ಲಿ 1898ರ ಮೇಜಿ ನಾಗರಿಕ ಸಂಹಿತೆ ಇಎಯನ್ನು ಕಾನೂನಿನ ಘಟಕ ಮಾಡಿತು. ಮನೆಗೊಬ್ಬ ಯಜಮಾನ, ‘ಕೊಶು’. ಒಳಗಿರುವವರು ಎಲ್ಲಿ ವಾಸಿಸಬೇಕು, ಯಾರನ್ನು ಮದುವೆಯಾಗಬೇಕು ಎನ್ನುವುದಕ್ಕೆ ಅವನ ಒಪ್ಪಿಗೆ ಬೇಕು. ಯಜಮಾನಿಕೆ ಹಿರಿಮಗನಿಗೆ. ಮದುವೆಯಾದ ಹೆಂಗಸು ಗಂಡನ ಅನುಮತಿ ಇಲ್ಲದೆ ದೊಡ್ಡ ವ್ಯವಹಾರ ಮಾಡುವಂತಿಲ್ಲ. ಗಂಡುಮಕ್ಕಳಿಲ್ಲದಿದ್ದರೆ ಮಗಳಿಗೆ ಮದುವೆ ಮಾಡಿ ಅಳಿಯನನ್ನೇ ದತ್ತು ತೆಗೆದುಕೊಳ್ಳುತ್ತಿದ್ದರು, ನಮ್ಮ ಮನೆಯಳಿಯನ ಹಾಗೆ. ಅವನು ಹೆಂಡತಿಯ ಮನೆಹೆಸರನ್ನು ಇಟ್ಟುಕೊಳ್ಳುತ್ತಿದ್ದ. ಯುದ್ಧ ಮುಗಿದ ಮೇಲೆ 1946ರಲ್ಲಿ ಹೊಸ ಸಂವಿಧಾನದ ಕರಡು ಬರೆಯಲು ಕೂತವರಲ್ಲಿ ಬಿಯಾಟೆ ಸಿರೋಟಾ ಎಂಬ 22 ವರ್ಷದ ತರುಣಿಯೊಬ್ಬಳಿದ್ದಳು. ಬಾಲ್ಯವನ್ನು ತೋಕಿಯೋದಲ್ಲಿ ಕಳೆದವಳು. ಮದುವೆ, ಮನೆ, ಆಸ್ತಿಯ ವಿಷಯದಲ್ಲಿ ಗಂಡುಹೆಣ್ಣಿಗೆ ಸಮಾನ ಹಕ್ಕು ಕೊಡುವ 24ನೆಯ ವಿಧಿಗೆ ಅವಳ ಬರವಣಿಗೆಯೇ ಮೂಲ. 1947ರಲ್ಲಿ ನಾಗರಿಕ ಸಂಹಿತೆ ತಿದ್ದುಪಡಿಯಾಗಿ ಕೊಶು ಎಂಬ ಪದವಿಯೇ ಹೋಯಿತು. ಆದರೂ ಗಂಡಹೆಂಡಿರು ಒಂದೇ ಮನೆಹೆಸರು ಇಟ್ಟುಕೊಳ್ಳಬೇಕೆಂಬ 750ನೆಯ ಕಲಮು ಉಳಿಯಿತು. 2015ರಲ್ಲೂ 2021ರಲ್ಲೂ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಯಾರ ಹೆಸರಾದರೂ ಇರಬಹುದು ಎಂದು ಕಾನೂನು ಹೇಳಿದರೂ ಹೆಸರು ಬಿಡುವವರು ಬಹುಪಾಲು ಹೆಂಗಸರೇ.

ನಮ್ಮ ಕಡೆ ಬನ್ನಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ವಾಸದ ಮನೆಗೆಂದೇ ಒಂದು ಕಲಮಿತ್ತು, 23ನೆಯದು. ಗಂಡು ವಾರಸುದಾರರು ತಾವಾಗಿ ಪಾಲು ಮಾಡಿಕೊಳ್ಳುವ ತನಕ ಹೆಣ್ಣು ವಾರಸುದಾರರು ಆ ಮನೆಯಲ್ಲಿ ಪಾಲು ಕೇಳುವಂತಿರಲಿಲ್ಲ. ವಾಸದ ಹಕ್ಕಾದರೂ ಮದುವೆಯಾಗದ, ಗಂಡ ಬಿಟ್ಟ ಅಥವಾ ಗಂಡ ತೀರಿಹೋದ ಮಗಳಿಗೆ ಮಾತ್ರ. ಸುಖವಾಗಿ ಸಂಸಾರ ಮಾಡಿಕೊಂಡಿರುವ ಮಗಳಿಗೆ ಹುಟ್ಟಿದ ಮನೆಯಲ್ಲಿ ಇರುವ ಹಕ್ಕೂ ಇಲ್ಲ. ಕರ್ನಾಟಕ 1994ರಲ್ಲಿ ತನ್ನ ತಿದ್ದುಪಡಿ ತಂದು ಹೆಣ್ಣುಮಕ್ಕಳನ್ನು ಒಟ್ಟು ಕುಟುಂಬದ ಸಹಭಾಗಿಗಳನ್ನಾಗಿ ಮಾಡಿತು, ದೇಶಕ್ಕಿಂತ ಹನ್ನೊಂದು ವರ್ಷ ಮುಂಚೆ. ಅದನ್ನು ನಾವು ಹೆಮ್ಮೆಯಿಂದ ನೆನೆಯಬೇಕು. ಅಷ್ಟರಲ್ಲಾಗಲೇ ಮದುವೆಯಾಗಿದ್ದವರನ್ನು ಅದು ಹೊರಗಿಟ್ಟಿತು ಎನ್ನುವುದನ್ನೂ ನೆನೆಯಬೇಕು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ 23ನೆಯ ಕಲಮನ್ನೇ ಕಿತ್ತುಹಾಕಿತು, ಮದುವೆಯಾದವರು ಆಗದವರು ಎಂಬ ಭೇದವನ್ನೂ ತೆಗೆಯಿತು. ಉಳಿದ ಗೊಂದಲವನ್ನು 2020ರಲ್ಲಿ ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ ಬಿಡಿಸಿತು: ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಬೇಕಾದ ಅಗತ್ಯವಿಲ್ಲ.

ಕಾನೂನು ಮುಗಿಯಿತು. ತವರು ಶುರುವಾಗುತ್ತದೆ.

ಜಪಾನಿನಲ್ಲಿ ಮದುವೆಯಾದ ಹೆಂಗಸಿನ ತವರಿಗೆ ‘ಜಿಕ್ಕಾ’ ಅನ್ನುತ್ತಾರೆ. ಬರೆಯುವ ಅಕ್ಷರಗಳನ್ನು ಬಿಡಿಸಿದರೆ ‘ನಿಜವಾದ ಮನೆ’. ಹೆರಿಗೆಗೆ ತವರಿಗೆ ಹೋಗುವ ಪದ್ಧತಿ ಅಲ್ಲಿ ಇಂದಿಗೂ ಇದೆ, ಅದಕ್ಕೊಂದು ಹೆಸರೂ ಇದೆ: ‘ಸಾತೊಗಾಎರಿ’, ಹುಟ್ಟೂರಿಗೆ ವಾಪಸಾಗುವುದು. ಬಾಣಂತನಕ್ಕೆ ಮಗಳನ್ನು ಕರೆತರುವ ನಮ್ಮ ತಾಯಂದಿರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಆದರೆ ನಕಾನೆಯವರು ಇಲ್ಲಿ ಒಂದು ದೊಡ್ಡ ವ್ಯತ್ಯಾಸ ಕಂಡರು. ಜಪಾನಿನಲ್ಲಿ ಹೊರಗಿನಿಂದ ಬಂದ ಸೊಸೆ ಮನೆಗೆ ಸೇರಿದವಳಾಗುತ್ತಾಳೆ, ಮದುವೆಯಾಗಿ ಹೋದ ಮಗಳು, ತಂಗಿ ಚೌಕಟ್ಟಿನಿಂದ ಹೊರಗಾಗುತ್ತಾರೆ. ಭಾರತದಲ್ಲಿ ಅಣ್ಣತಂಗಿಯ ನಂಟು ಮದುವೆಯ ಮೇಲೂ ಗಟ್ಟಿಯಾಗಿ ಉಳಿಯುತ್ತದೆ ಎಂದು ಅವರು ಬರೆದರು. ಸರಿಯಾಗಿಯೇ ಕಂಡಿದ್ದಾರೆ. ಗೌರಿ ಹಬ್ಬಕ್ಕೆ ತವರಿನಿಂದ ಬರುವ ಬಾಗಿನ, ಅರಿಶಿನಕುಂಕುಮದ ದುಡ್ಡು ಎಷ್ಟೇ ಚಿಕ್ಕದಾಗಿದ್ದರೂ ಅದಕ್ಕೆ ಕಾಯುವ ಕಣ್ಣು ಚಿಕ್ಕದಲ್ಲ. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದಾಗ ಓದುವ ಕನ್ನಡಿಗರಿಗೆ ತವರೆಂಬ ಹಂಬಲದ ಆಳ ಅಚ್ಚಿನಲ್ಲಿ ಕಂಡಿತು. ಹಾಡಿದವರಿಗೆ ಅದು ಬೀಸುವ ಕಲ್ಲಿನ ಮುಂದೆ ಎಂದೋ ಗೊತ್ತಿತ್ತು.

ಈ ಪ್ರೀತಿಯ ಪಕ್ಕದಲ್ಲೇ ಒಂದು ಕಾಗದ ಇದೆ. ಅದರ ಹೆಸರು ಹಕ್ಕುಖುಲಾಸೆ ಪತ್ರ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ದೇವನಹಳ್ಳಿ, ದೊಡ್ಡಬಳ್ಳಾಪುರ ತಾಲ್ಲೂಕುಗಳ ನೆಲದ ಬೆಲೆ ಎಲ್ಲಿಗೆ ಹೋಯಿತೆಂದು ಇಲ್ಲಿರುವ ನಿಮಗೆ ನಾನು ಹೇಳಬೇಕಿಲ್ಲ. ರಾಗಿ ಬೆಳೆಯುವ ಹೊಲ ಇದ್ದಕ್ಕಿದ್ದಂತೆ ನಿವೇಶನವಾದಾಗ ಅಕ್ಕತಂಗಿಯರ ಸಹಿ ಬೇಕಾಗುತ್ತದೆ. ಕಾರು ಬರುತ್ತದೆ, ಹೂವು ಹಣ್ಣು ಬರುತ್ತದೆ, ಉಪನೋಂದಣಿ ಕಚೇರಿಯಲ್ಲಿ ಹೆಬ್ಬೆಟ್ಟು ಬೀಳುತ್ತದೆ. ಯಾಕಮ್ಮಾ ಬಿಟ್ಟುಕೊಟ್ಟೆ ಎಂದು ಕೇಳಿದರೆ ‘ನಾಳೆ ನಂಗೆ ತವರು ಬೇಡ್ವಾ?’ ಎಂಬ ಉತ್ತರ ಬರುತ್ತದೆ. ಇದನ್ನು ನಾನು ಅವಳ ಅಜ್ಞಾನ ಅನ್ನುವುದಿಲ್ಲ. ಗಂಡನ ಮನೆಯಲ್ಲಿ ಕಷ್ಟ ಬಂದಾಗ ಹೋಗಿ ನಿಲ್ಲಲು ಒಂದು ಬಾಗಿಲು ತೆರೆದಿರಲಿ ಎಂದು ಅವಳು ಆಸ್ತಿಯ ಬೆಲೆಯನ್ನೇ ತೆರುತ್ತಿದ್ದಾಳೆ. ಹುಟ್ಟಿನಿಂದ ತನ್ನದಾದ ಮನೆಗೆ ಬಂದು ಹೋಗುವುದಕ್ಕೆ ಯಾವ ಅಣ್ಣನಾದರೂ ಈ ಬೆಲೆ ಕೇಳಬಹುದೇ? ಕೇಳುತ್ತಿದ್ದೇವೆ. ವರ್ಷಕ್ಕೊಂದು ಬಾಗಿನ ಕೊಟ್ಟು ಎಕರೆಗಳನ್ನು ಬರೆಸಿಕೊಳ್ಳುತ್ತಿದ್ದೇವೆ.

ದುಡಿಮೆಯ ಕಡೆಯಿಂದಲೂ ಇದನ್ನು ನೋಡಬೇಕು. ಜಪಾನಿನ ಶಿರಕಾವಾ ಕಣಿವೆಯಲ್ಲಿ ಎತ್ತರದ ಹುಲ್ಲಿನ ಮಾಡಿನ ಮನೆಗಳಿವೆ, 1995ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹಿಂದೆ ಕೆಳಗೆ ಜನ, ಮೇಲಿನ ಅಟ್ಟಗಳಲ್ಲಿ ರೇಷ್ಮೆಹುಳು ಇರುತ್ತಿದ್ದವು. ನಮ್ಮ ದೇವನಹಳ್ಳಿ, ವಿಜಯಪುರ, ಶಿಡ್ಲಘಟ್ಟದ ಕಡೆಯ ಮನೆಗಳಲ್ಲೂ ಹುಳು ಮನೆಯವರ ಜೊತೆಯೇ ಇದ್ದವು. ನಾಲ್ಕನೆಯ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದ ಹುಳು ಸೊಪ್ಪು ತಿನ್ನುವ ಸದ್ದು ಮಳೆ ಬಂದ ಹಾಗೆ ಕೇಳುತ್ತದೆ. ತಟ್ಟೆಗಳು ನಡುಮನೆಯನ್ನೆಲ್ಲ ಹಿಡಿದು ಜನ ಜಗಲಿಗೆ ಬಂದು ಮಲಗುತ್ತಿದ್ದರು. ಹಣ್ಣಾದ ಹುಳುವನ್ನು ಚಂದ್ರಿಕೆ ಎಂಬ ಬಿದಿರ ತಟ್ಟೆಗೆ ಬಿಟ್ಟರೆ ಅದು ಕಟ್ಟುವುದಕ್ಕೂ ನಾವು ಇಟ್ಟ ಹೆಸರು ಗೂಡು. ಜಪಾನಿಗೂ ನಮ್ಮ ರೇಷ್ಮೆಗೂ ನಂಟು ಹಳೆಯದು. 1890ರ ದಶಕದಲ್ಲಿ ಜಮ್ಷೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ರೇಷ್ಮೆ ತೋಟ ಹಾಕಿದಾಗ ಜಪಾನಿನಿಂದ ಪರಿಣತರನ್ನು ಕರೆಸಿದ್ದರು. 1991ರಿಂದ ಜಪಾನಿನ ನೆರವಿನೊಂದಿಗೆ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ದ್ವಿತಳಿ ಗೂಡನ್ನು ರೈತರ ಬಳಿಗೆ ಒಯ್ಯತೊಡಗಿತು. ರೋಗ ಹರಡಬಾರದೆಂದು ಹುಳುವಿಗೆ ಬೇರೆ ಮನೆ ಕಟ್ಟಿ ಎಂಬ ಸಲಹೆಯೂ, ಅದಕ್ಕೆ ಸಹಾಯಧನವೂ ಬಂತು. ಒಳ್ಳೆಯದೇ ಆಯಿತು, ಬೆಳೆ ಉಳಿಯಿತು. ಸಹಾಯಧನದ ಅರ್ಜಿಗೆ ಪಹಣಿ ಬೇಕು. ಸೊಪ್ಪು ಕೊಯ್ದು, ಕಡಿದು, ನಡುರಾತ್ರಿ ಎದ್ದು ಮೇವು ಕೊಡುವವಳ ಹೆಸರು ಹೆಚ್ಚಿನ ಪಹಣಿಗಳಲ್ಲಿಲ್ಲ. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲೂ ಹಾಗೆಯೇ. ಮಗ್ಗ ನಡೆಸುವವನು ನೇಕಾರ. ಮೂಲೆಯಲ್ಲಿ ಕೂತು ಕಂಡಿಕೆ ಸುತ್ತುವವಳು ‘ಮನೆಯವಳು’. ಅವಳ ಕೂಲಿ ಸೀರೆಯ ಲೆಕ್ಕದೊಳಗೆ ಎಲ್ಲೋ ಸೇರಿಹೋಗುತ್ತದೆ.

ಈಚೆಗೆ ನಮ್ಮ ಸರ್ಕಾರಿ ಕನ್ನಡದಲ್ಲಿ ಒಂದು ಒಳ್ಳೆಯ ಬದಲಾವಣೆ ಆಗಿದೆ, ಅದನ್ನು ಹೇಳದೆ ಹೋದರೆ ತಪ್ಪಾಗುತ್ತದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 13ನೆಯ ಕಲಮು, ಪಡಿತರ ಚೀಟಿಯ ಮಟ್ಟಿಗೆ 18 ತುಂಬಿದ ಹಿರಿಯ ಹೆಂಗಸೇ ಮನೆಯ ಮುಖ್ಯಸ್ಥೆ ಎಂದಿತು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾದ ಗೃಹಲಕ್ಷ್ಮಿ ಯೋಜನೆ ತಿಂಗಳಿಗೆ 2,000 ರೂಪಾಯಿಯನ್ನು ‘ಮನೆ ಯಜಮಾನಿ’ಯ ಖಾತೆಗೆ ಹಾಕುತ್ತದೆ. ಯಜಮಾನಿ ಎಂಬ ಪದ ಇಷ್ಟು ಕಾಲ ಯಜಮಾನನ ಹೆಂಡತಿ ಎಂಬ ಅರ್ಥದಲ್ಲೇ ಬಹುಮಟ್ಟಿಗೆ ನಡೆದಿತ್ತು. ಈಗ ಲಕ್ಷಾಂತರ ಅರ್ಜಿಗಳಲ್ಲಿ ಅದು ಒಂದು ಪದವಿಯಾಗಿ ಅಚ್ಚಾಗಿದೆ. ಬ್ಯಾಂಕಿನ ಸಾಲಿನಲ್ಲಿ ನಿಂತು ತನ್ನ ಹೆಸರನ್ನು ತಾನೇ ಹೇಳುವ ಹೆಂಗಸನ್ನು ನೋಡಿದಾಗ ಆ 28 ಲಕ್ಷ ಜನರ ನೆನಪಾಗದೆ ಇರುವುದಿಲ್ಲ ನನಗೆ. ಹಣ ಎಷ್ಟು, ಅದು ಸರಿಯೇ ತಪ್ಪೇ ಎಂಬ ರಾಜಕೀಯದ ಚರ್ಚೆ ನಡೆಯಲಿ. ಪದಕ್ಕೆ ಬಂದ ಈ ಅರ್ಥ ಹಿಂದಕ್ಕೆ ಹೋಗಬಾರದು.

ಇನ್ನು ಇಲ್ಲಿ ಕೂತಿರುವ ಗಂಡಸರಲ್ಲಿ ಒಂದು ಬೇಡಿಕೆ. ನಿಮ್ಮ ಮನೆಯ ಕಾಗದ ಗ್ರಾಮ ಪಂಚಾಯಿತಿಯಲ್ಲಿದೆ, ಇ-ಸ್ವತ್ತಿನ ನಮೂನೆ 9 ಎಂಬ ಒಂದು ಹಾಳೆ. ಅದರಲ್ಲಿ ಮಾಲೀಕರ ಹೆಸರು ಎಂಬ ಕಡೆ ಯಾರಿದ್ದಾರೆ, ನೋಡಿ. ಅಪ್ಪನ ಹೆಸರೇ ಇದ್ದು ಇನ್ನೂ ಪೌತಿ ಖಾತೆ ಆಗಿಲ್ಲವಾದರೆ, ಮಾಡಿಸುವಾಗ ಅಕ್ಕತಂಗಿಯರನ್ನು ಕರೆದು ಸಹಿ ಹಾಕಿಸಿಕೊಳ್ಳಬೇಡಿ, ಅವರ ಹೆಸರನ್ನೂ ಸೇರಿಸಿ. ನಿಮ್ಮ ಹೆಸರೊಂದೇ ಇದ್ದರೆ ‘ನಮ್ಮನೇಲಿ’ ಎಂದು ನೀವು ಕರೆಯುವವರ ಹೆಸರನ್ನು ಪಕ್ಕದಲ್ಲಿ ಬರೆಸಿ. ಕುಟುಂಬದೊಳಗಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕದಲ್ಲಿ ರಿಯಾಯಿತಿ ಇದೆ, ನೋಂದಣಿ ಕಚೇರಿ ತಾಲ್ಲೂಕಿನಲ್ಲೇ ಇದೆ. ಬೇಕಾದ ಕಾಗದಗಳೇನು ಎಂದು ತಿಳಿಯಬೇಕಾದವರು ಸಭೆ ಮುಗಿದ ಮೇಲೆ ಕೇಳಿ, ನನಗೆ ಗೊತ್ತಿದ್ದಷ್ಟನ್ನು ಬರೆದುಕೊಡುತ್ತೇನೆ.